ಕೈ ಹೋದ ಜಾಗ

ಮುಂದಿನ ಸಾಲಿನವನ ತಲೆ ಪರದೆಯ ಎಡ ಮೂಲೆಯನ್ನು ನುಂಗಿಹಾಕಿದೆ, ಸ್ವಲ್ಪ ವಾಲಿಕೊಂಡು ಕೂತರೆ ಸರಿಹೋಗುತ್ತದೆ, ಆದರೆ ವಾಲಿದರೆ ಅಮ್ಮನ ಭುಜ ತಾಗುತ್ತದೆ, ತಾಗಿದರೆ ಏನೇ ಅನ್ನುತ್ತಾಳೆ, ಏನೂ ಇಲ್ಲಮ್ಮ ಅನ್ನಬೇಕಾಗುತ್ತದೆ, ಅದು ಸುಳ್ಳು — ಇನ್ನು ಸ್ವಲ್ಪ ಹೊತ್ತಿಗೆ ಸಿನಿಮಾ ಮುಗಿದು ದೀಪ ಹಾಕುತ್ತಾರೆ, ಮೈಕು ನನ್ನ ಕೈಗೆ ಬರುತ್ತದೆ, ತಂಗಿಯ ಈ ಕಿರುಚಿತ್ರದಿಂದ ಅಮ್ಮನ ನಗುವನ್ನು ಕಿತ್ತುಹಾಕಬೇಕು ಅಂತ ಇಷ್ಟು ಜನರೆದುರು ನಾನು ಹೇಳುವವಳಿದ್ದೇನೆ. ಹೇಳಿಯೇ ಹೇಳುತ್ತೇನೆ, ಬೆಳಿಗ್ಗೆ ಹಲ್ಲುಜ್ಜುವಾಗಲೇ ಮಾಡಿದ ತೀರ್ಮಾನ, ಬಾಯಿ ಮುಕ್ಕಳಿಸಿ ಉಗಿಯುವಂಥದ್ದಲ್ಲ. ಗ್ರಂಥಾಲಯದ ಮಹಡಿಯ ಈ ಹಾಲಿನಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಕಿರುಚಿತ್ರ ತೋರಿಸುತ್ತಾರೆ, ಮುಗಿದ ಮೇಲೆ ನಾನು ಎದ್ದು ನಿಂತು ಅದನ್ನು ಬಿಡಿಸಿ ಇಡುತ್ತೇನೆ, ಕಥೆ ಎಲ್ಲಿಂದ ಹೊರಟಿತು, ಎಲ್ಲಿ ದಾರಿ ತಪ್ಪಿತು, ಎಲ್ಲಿ ನಿರ್ದೇಶಕ ಧೈರ್ಯ ಸಾಲದೆ ಪಿಟೀಲು ಬಾರಿಸಿದ — ಅದಕ್ಕೇ ನನಗೆ ಕತ್ತರಿ ಅಂತ ಹೆಸರಿಟ್ಟಿದ್ದಾರೆ, ಎದುರಿಗಲ್ಲ, ಬೆನ್ನ ಹಿಂದೆ, ಆದರೆ ಬೆನ್ನ ಹಿಂದೆ ಆಡಿದ್ದೇ ಮೊದಲು ಕಿವಿಗೆ ಬೀಳುವುದು. ವಾರವಿಡೀ ಕನ್ನಡಕದಂಗಡಿಯಲ್ಲಿ ಜನರ ಮೂಗಿನ ಮೇಲೆ ಗಾಜು ಬದಲಾಯಿಸುತ್ತಾ ಇದು ಸ್ಪಷ್ಟವಾ ಇದಾ ಅಂತ ಕೇಳುವ ಕೆಲಸ ನನ್ನದು, ಎರಡೂ ಒಂದೇ ಥರ ಇದೆ ಮೇಡಂ ಅನ್ನುವವರನ್ನು ಕಂಡರೆ ಮೈ ಉರಿಯುತ್ತದೆ, ಎರಡು ಎಲ್ಲಾದರೂ ಒಂದೇ ಥರ ಇರುತ್ತವೆಯೇ. ಇವತ್ತು ತಂಗಿಯ ಸರದಿ. ಬೇರೆಯವರದನ್ನ ಹೇಗೆ ಬಿಡಿಸ್ತೀಯೋ ನಂದನ್ನೂ ಹಾಗೇ ಬಿಡಿಸಕ್ಕ, ದಾಕ್ಷಿಣ್ಯ ಬೇಡ, ಸಂಜೆ ಚಿತ್ರೋತ್ಸವಕ್ಕೆ ಕಳಿಸ್ಬೇಕು, ಅಷ್ಟರಲ್ಲಿ ಏನು ತೆಗೀಬೇಕೋ ತೆಗೀತೀನಿ ಅಂದಳು, ಅಂದು ಅಮ್ಮನ ಆ ಬದಿಗೆ ಕೂತು ಉಗುರು ಕಚ್ಚುತ್ತಿದ್ದಾಳೆ.

ಕಪ್ಪು ಉಣ್ಣೆಯ ಮೇಲೆ ಸೀಮೆಸುಣ್ಣದ ಬಿಳಿ ಗೆರೆ. ಮೊದಲ ಶಾಟೇ ಇದು, ಮುಖವಿಲ್ಲ, ಮಾತಿಲ್ಲ, ಗೆರೆ ಎಳೆಯುವ ಸದ್ದು ಮಾತ್ರ, ಶಭಾಷ್ ಚಿಕ್ಕೋಳೇ, ಬಾಗಿಲು ತಟ್ಟದೆ ಒಳಗೆ ಬಂದುಬಿಟ್ಟೆ. ಆಮೇಲೆ ಕತ್ತರಿ, ಆಮೇಲೆ ಅಮ್ಮನ ಬೆರಳು, ಆಮೇಲೆ ಗೋಡೆಯ ಮೊಳೆ, ಕೋಟು ತೂಗುಹಾಕಿದ್ದ ಜಾಗದಲ್ಲಿ ಗೋಡೆಯ ಬಣ್ಣ ಮಾಸದೆ ಉಳಿದಿದೆ, ಅಷ್ಟರಲ್ಲೇ ಗೊತ್ತಾಗುತ್ತದೆ, ಕೋಟಿನವನು ಇನ್ನಿಲ್ಲ, ಕೋಟು ಬಹಳ ದಿನ ಅಲ್ಲೇ ಇತ್ತು, ಇವತ್ತು ಅದನ್ನು ಕೆಳಗಿಳಿಸಿದ್ದಾಳೆ. ಕಥೆ ಇಷ್ಟೇ, ದರ್ಜಿ ಹೆಂಗಸೊಬ್ಬಳು ತೀರಿಕೊಂಡ ಗಂಡನ ಕೋಟನ್ನು ಬಿಚ್ಚಿ, ಕತ್ತರಿಸಿ, ತನ್ನ ಅಳತೆಗೆ ಹೊಲಿದು ಹಾಕಿಕೊಳ್ಳುತ್ತಾಳೆ. ಅಂಗಡಿ ನಮ್ಮದೇ, ಹೊಲಿಗೆ ಯಂತ್ರ ನಮ್ಮದೇ, ಕೋಟು ಅಪ್ಪನದೇ, ನಟಿ ಯಾಕೆ ಬೇಕು ಅಮ್ಮ ಇರುವಾಗ ಅಂದಳು ತಂಗಿ, ಅಮ್ಮ ಒಂದು ವಾರ ಬೈದಳು, ಆಮೇಲೆ ತಲೆಗೆ ಬಣ್ಣ ಹಾಕಿಸಿಕೊಂಡು ಬಂದು ಕೂತಳು. ನೋಡು, ಗುಂಡಿಯನ್ನು ಹಲ್ಲಿನಿಂದ ಕಿತ್ತು ಡಬ್ಬಿಗೆ ಹಾಕುವಾಗ ಒಂದು ಗುಂಡಿ ಮಾತ್ರ ಮೇಜಿನ ಮೇಲೆ ಇಡುತ್ತಾಳೆ, ಯಾಕೆ ಅಂತ ಸಿನಿಮಾ ಹೇಳುವುದಿಲ್ಲ, ಹೇಳದೇ ಇರುವುದೇ ಸರಿ, ಕಿರುಚಿತ್ರದಲ್ಲಿ ಹೇಳುವುದಕ್ಕೆ ಪುರಸೊತ್ತೆಲ್ಲಿದೆ, ಒಂದು ಬದಲಾವಣೆ ಆಗಬೇಕು, ಒಂದೇ, ಆದ ಕೂಡಲೇ ಎದ್ದು ಹೊರಡಬೇಕು, ಊಟ ಮುಗಿದ ಮೇಲೂ ತಟ್ಟೆಯ ಮುಂದೆ ಕೂತಿರಬಾರದು. ಹೋದ ವಾರದ ಲಿಫ್ಟಿನ ಸಿನಿಮಾ ಹಾಳಾದದ್ದು ಹಾಗೇ, ಜಗಳವಾಡುತ್ತಾ ಹತ್ತಿದ ಗಂಡ ಹೆಂಡತಿ, ಲಿಫ್ಟು ಕೆಟ್ಟು ನಿಂತಿತು, ಬಾಗಿಲು ತೆರೆದಾಗ ಇಬ್ಬರಿಗೂ ಹೊರಗೆ ಬರಲು ಮನಸ್ಸಿಲ್ಲ — ಅಲ್ಲಿಗೆ ಬಿಟ್ಟಿದ್ದರೆ ಗೆದ್ದಿರುತ್ತಿದ್ದ, ಆ ಪುಣ್ಯಾತ್ಮ ಅವರನ್ನು ಕರೆದುಕೊಂಡು ಹೋಗಿ ಪಾರ್ಕಿನಲ್ಲಿ ಉಯ್ಯಾಲೆ ಆಡಿಸಿದ. ಅವನಿಗೆ ಹೇಳಿದ್ದನ್ನು ತಂಗಿಗೆ ಹೇಳದಿದ್ದರೆ ನಾನು ಇನ್ನು ಮುಂದೆ ಇಲ್ಲಿ ಮೈಕು ಮುಟ್ಟಬಾರದು.

ತಂಗಿಯ ಸಿನಿಮಾದಲ್ಲಿ ಉಯ್ಯಾಲೆಯಿಲ್ಲ, ನಗುವಿದೆ. ಕೊನೆಯಲ್ಲಿ ಅಮ್ಮ ಕೋಟು ಹಾಕಿಕೊಂಡು ಬೀದಿಯಲ್ಲಿ ನಡೆದು ಬರುತ್ತಾಳೆ, ಬಿಸಿಲು, ಪಿಟೀಲು, ಅಮ್ಮ ನಗುತ್ತಾಳೆ. ಅದು ತಂಗಿ ಬರೆದದ್ದಲ್ಲ, ಮೇಷ್ಟ್ರು ಸೇರಿಸಿದ್ದು, ಅವಳಿಗೆ ಸಿನಿಮಾ ಪಾಠ ಹೇಳಿದವರು, ಒಳ್ಳೆಯವರೇ, ಕ್ಯಾಮೆರಾ ಅವರದೇ, ನೋಡೋರು ಭಾರವಾಗಿ ಮನೆಗೆ ಹೋಗಬಾರದಮ್ಮ ಅನ್ನುತ್ತಾರೆ, ಯಾಕೆ ಹೋಗಬಾರದು, ಹೋಗಲಿ. ಅದಕ್ಕಿಂತ ಮೊದಲಿನ ಶಾಟು ಅವರ ಕಣ್ಣಿಗೆ ಚುಚ್ಚುತ್ತದೆ, ಆ ಕೈ. ಅಮ್ಮ ಕೋಟು ಹಾಕಿಕೊಂಡು ಕ್ಯಾಮೆರಾ ಎದುರು ನಿಲ್ಲುತ್ತಾಳೆ, ಬಲಗೈ ಜೇಬಿಗೆ ಹೋಗಬೇಕು, ಹೋಗುವುದಿಲ್ಲ, ಮೈಯಿಂದ ಆಚೆಗೆ, ಬಲಕ್ಕೆ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಖಾಲಿ ಗಾಳಿಯಲ್ಲಿ ಹೋಗಿ ನಿಲ್ಲುತ್ತದೆ, ಒಂದು ಉಸಿರಿನಷ್ಟು ಹೊತ್ತು, ಆಮೇಲೆ ವಾಪಸ್ಸು ಬಂದು ತನ್ನ ಜೇಬು ಹುಡುಕಿಕೊಳ್ಳುತ್ತದೆ. ತಾನೇ ಹೊಲಿದ ಜೇಬು ಎಲ್ಲಿದೆ ಅಂತ ದರ್ಜಿಗೆ ಗೊತ್ತಾಗಲ್ವೇನಮ್ಮ, ತಪ್ಪು ಟೇಕು, ತೆಗೀರಿ ಅಂದರಂತೆ ಮೇಷ್ಟ್ರು. ಅಮ್ಮನದೂ ಅದೇ ರಾಗ, ತೆಗೆದುಬಿಡೇ, ಇಷ್ಟು ವರ್ಷ ಹೊಲಿದು ಜೇಬು ಗೊತ್ತಾಗಲಿಲ್ಲ ಅಂತ ಗಿರಾಕಿಗಳು ನಗ್ತಾರೆ. ತಂಗಿ ಸಿನಿಮಾದಲ್ಲಿ ಅದನ್ನು ಇವತ್ತಿನವರೆಗೆ ಉಳಿಸಿಕೊಂಡಿದ್ದಾಳೆ, ಯಾಕೆ ಅಂದರೆ ಗೊತ್ತಿಲ್ಲಕ್ಕ, ತೆಗೆಯೋಕೆ ಕೈ ಬರ್ತಿಲ್ಲ ಅನ್ನುತ್ತಾಳೆ. ನನಗೂ ಗೊತ್ತಿಲ್ಲ. ಯಾವ ಕಿರುಚಿತ್ರವನ್ನಾದರೂ ನಾನು ಒಮ್ಮೆ ಶಬ್ದ ತೆಗೆದು ನೋಡುತ್ತೇನೆ, ಒಮ್ಮೆ ಕಣ್ಣು ಮುಚ್ಚಿ ಕೇಳುತ್ತೇನೆ, ಆಮೇಲೆಯೇ ಎರಡನ್ನೂ ಕೂಡಿಸುವುದು, ಶಬ್ದ ತೆಗೆದರೆ ಸುಳ್ಳಾಡುವ ಮುಖ ಸಿಕ್ಕಿಬೀಳುತ್ತದೆ, ಕಣ್ಣು ಮುಚ್ಚಿದರೆ ಸುಳ್ಳಾಡುವ ಸಂಗೀತ. ತಂಗಿಯ ಲ್ಯಾಪ್‌ಟಾಪಿನಲ್ಲಿ ಎರಡೂ ಮಾಡಿದೆ, ಆ ಕೈಯ ಹತ್ತಿರ ಬಂದು ಎರಡು ಸಲವೂ ಮುಗ್ಗರಿಸಿದೆ. ಗೋಡೆಗೆ ನೇತುಹಾಕಿದ ಅಳತೆ ಟೇಪಿಗೆ ಕೈಚಾಚಿದಳೇ, ಟೇಪು ಇರುವುದು ಅವಳ ಎಡಕ್ಕೆ. ಅಭ್ಯಾಸಬಲ ಅನ್ನೋಣವೇ, ಯಾರ ಅಭ್ಯಾಸ, ಅಮ್ಮ ಆ ಕೋಟನ್ನು ಒಂದು ದಿನವೂ ಹಾಕಿಕೊಂಡವಳಲ್ಲ. ನೀನೇನಾದರೂ ಹಾಗೆ ಮಾಡು ಅಂದೆಯಾ ಅಂತ ತಂಗಿಯನ್ನೇ ಕೇಳಿದೆ, ಇಲ್ಲಕ್ಕ, ಕೈಯನ್ನ ಜೇಬಿಗೆ ಹಾಕಮ್ಮ ಅಂದೆ, ಅಷ್ಟೇ. ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ನೀರಿನ ಲೋಟ ಸರಿಸುತ್ತಾ ಕೇಳಿದಳು, ನಾನು ನಗೋದು ಇರುತ್ತಲ್ವೇನೇ, ಇರಲಿ ಬಿಡು, ಎಲ್ಲರೂ ಅಯ್ಯೋ ಪಾಪ ಅಂತ ನೋಡಿ ನೋಡಿ ನಂಗೆ ಸಾಕಾಗಿದೆ, ಚೆನ್ನಾಗಿದ್ದಾಳೆ ಅಂತ ಒಂದ್ಸಲ ನೋಡಿಕೊಳ್ಳಲಿ. ನಾನು ಅವಳ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದೆ. ಆದರೂ ತೀರ್ಮಾನ ಬದಲಾಯಿಸಲಿಲ್ಲ, ಸುಳ್ಳು ನಗು ಅಮ್ಮನದಾದರೂ ಸುಳ್ಳೇ, ಅದೂ ಅಮ್ಮನದಾದ್ದರಿಂದ ನನಗೆ ಇನ್ನಷ್ಟು ಸಿಟ್ಟು.

ಬಂತು, ಪರದೆಯ ಮೇಲೆ ಹೊಲಿಗೆ ಯಂತ್ರ ನಿಂತಿತು, ಕೋಟು ಕೊಡವಿದಳು, ಒಂದು ತೋಳು, ಇನ್ನೊಂದು ತೋಳು, ಇನ್ನೇನು ಆ ಕೈ — ಆ ಕೈ ಹೋಗುವುದು ಅಮ್ಮನ ಬಲಕ್ಕೆ, ನಮಗೆ ಪರದೆಯ ಎಡಕ್ಕೆ, ಎಡದಲ್ಲಿ ಈ ಮಹಾರಾಯನ ತಲೆ, ವಾಲು, ಅಮ್ಮನಿಗೆ ತಾಗಿದರೆ ತಾಗಲಿ ವಾಲು, ವಾಲಿದೆ, ಭುಜ ತಾಗಿತು, ಅಮ್ಮ ಏನೇ ಅನ್ನಲಿಲ್ಲ. ಎಷ್ಟು ದೊಡ್ಡದಾಗಿದೆ ಇಲ್ಲಿ, ಲ್ಯಾಪ್‌ಟಾಪಿನಲ್ಲಿ ಹೆಬ್ಬೆರಳಿನಷ್ಟಿದ್ದ ಕೈ ಇಲ್ಲಿ ಬಾಗಿಲಿನಷ್ಟಿದೆ, ಮೇಷ್ಟ್ರೇ ಇದು ತಡಕಾಡುತ್ತಿಲ್ಲ, ನೋಡಿ, ತಡಕಾಡುವ ಕೈಯ ಬೆರಳು ಬಿಡಿಬಿಡಿಯಾಗಿರುತ್ತವೆ, ಕನ್ನಡಕ ತೆಗೆದಿಟ್ಟವರ ಕೈಯನ್ನು ನಾನು ದಿನಾ ನೋಡುತ್ತೇನೆ, ಮೇಜಿನ ಮೇಲೆಲ್ಲ ಹರಡಿಕೊಂಡು ಓಡಾಡುತ್ತವೆ — ಇದರ ಬೆರಳು ಕೂಡಿಕೊಂಡಿವೆ, ಹೆಬ್ಬೆರಳು ಒಳಗೆ ಮಡಚಿದೆ, ಇಕ್ಕಟ್ಟಾದ ಕಡೆ ನುಗ್ಗುವ ಕೈ ಇದು, ಒಳಗೆ ಆಗಲೇ ಏನೋ ಇದೆ ಅಂತ ಗೊತ್ತಿರುವ ಕೈ. ಚಳಿ. ಯಾಕೆ ಈಗ ಚಳಿ, ಬೀದಿ, ಅಂಗಡಿಯ ಶಟರು ಎಳೆದ ಸದ್ದು, ನಾನು ಹಿಂದೆ, ಸೊಂಟದಲ್ಲಿ ತಂಗಿ, ಜಾರುತ್ತಿದ್ದಾಳೆ, ಎತ್ತಿಕೊಳ್ಳುತ್ತೇನೆ, ಮತ್ತೆ ಜಾರುತ್ತಾಳೆ, ಮುಂದೆ ಅಪ್ಪ ಅಮ್ಮ. ಅಪ್ಪ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಮುಗಿಸಿ ನೇರ ಅಂಗಡಿಗೆ ಬರುತ್ತಿದ್ದ, ಬಂದವನೇ ಬೈಗುಳ, ಎಷ್ಟೊತ್ತು ಮಾಡ್ತೀಯೇ, ಊರಿನ ಬಟ್ಟೆಯೆಲ್ಲಾ ನೀನೊಬ್ಬಳೇ ಹೊಲೀಬೇಕಾ, ದಾರಿಯುದ್ದಕ್ಕೂ ಅದೇ, ಎದುರಿಗೆ ಬಂದವರು ಇವರದೇನು ಸದಾ ಜಗಳ ಅಂದುಕೊಂಡು ಹೋಗುತ್ತಿದ್ದರು, ಬೀದಿಯಲ್ಲಿ ಕೈ ಹಿಡಿದು ನಡೆಯುವ ಜಾತಿಯವರಲ್ಲ ಇಬ್ಬರೂ. ಅಮ್ಮ ಯಾವಾಗಲೂ ಅಪ್ಪನ ಎಡಕ್ಕೆ. ಹಿಂದಿನಿಂದ ನೋಡಿದರೆ ಅಮ್ಮನಿಗೆ ಬಲಗೈಯೇ ಇಲ್ಲ, ಮಣಿಕಟ್ಟಿನವರೆಗೂ ಅಪ್ಪನ ಕೋಟಿನ ಜೇಬಿನೊಳಗೆ, ಅಪ್ಪನ ಕೈಯೂ ಅದೇ ಜೇಬಿನಲ್ಲಿ, ಉಣ್ಣೆ ಉಬ್ಬಿಕೊಂಡಿದೆ, ಅಪ್ಪ ಬೈಯುತ್ತಲೇ ಇದ್ದಾನೆ. ಅಪ್ಪ ಎತ್ತರ, ಆದ್ದರಿಂದ ಸೊಂಟಕ್ಕಿಂತ ಸ್ವಲ್ಪ ಮೇಲೆ. ಕೈಯನ್ನ ಜೇಬಿಗೆ ಹಾಕಮ್ಮ ಅಂದಳು ತಂಗಿ, ಅಮ್ಮ ಹಾಕಿದಳು. ಆ ಕೋಟಿನ ಜೇಬು ಇರುವುದು ಅಲ್ಲೇ, ಬಲಕ್ಕೆ, ಪಕ್ಕದಲ್ಲಿ ನಡೆಯುವವನ ಮೈಮೇಲೆ.

ಪಿಟೀಲು. ಅಮ್ಮ ಬೀದಿಯಲ್ಲಿ ನಗುತ್ತಿದ್ದಾಳೆ, ನನಗೆ ನೋಡಲಾಗುತ್ತಿಲ್ಲ, ಕಣ್ಣು ಮುಚ್ಚಿಕೊಂಡೆ, ಅಳಬೇಡ, ಈಗ ಅತ್ತರೆ ಮೈಕಿನಲ್ಲಿ ಮೂಗಿನ ಸದ್ದು ಬರುತ್ತದೆ. ಈಗ ಕಾರಣ ಗೊತ್ತು, ಬಾಯಿ ಬಿಟ್ಟರೆ ಹಾಲಿನಲ್ಲಿರುವವರೆಲ್ಲ ನನ್ನ ಕೈಯಲ್ಲಿ, ಇಂಥ ವಿಶ್ಲೇಷಣೆ ನನ್ನ ಜನ್ಮದಲ್ಲಿ ಮಾಡಿಲ್ಲ, ಒಂದು ಕೈ, ಒಂದು ಜೇಬು, ಇಡೀ ಸಿನಿಮಾದ ಆಶಯ ಅದರೊಳಗೆ, ಮೇಷ್ಟ್ರು ಮಾತೇ ಆಡಲಾರರು, ಚಪ್ಪಾಳೆ — ಛೆ. ಎದುರಿನಿಂದ ಯಾರಿಗೂ ಕಾಣದಿರಲಿ ಅಂತಲೇ ಅಲ್ಲವೇ ಅವರು ಜೇಬಿನೊಳಗಿಟ್ಟಿದ್ದು, ಒಂದು ಬೀದಿಯಷ್ಟು ಜನರಿಂದ ಮುಚ್ಚಿಟ್ಟದ್ದನ್ನು ನಾನು ಮೈಕು ಹಿಡಿದು ತೆಗೆದು ತೋರಿಸಲೇ, ಅದೂ ಅಮ್ಮ ಪಕ್ಕದಲ್ಲಿ ಕೂತಿರುವಾಗ. ಇಲ್ಲ. ನಗು ಹೋಗಬೇಕು, ಕೈ ಉಳಿಯಬೇಕು, ಅಷ್ಟನ್ನು ಹೇಳುತ್ತೇನೆ, ಕಾರಣ ಹೇಳುವುದಿಲ್ಲ, ತಲೆ ಕೆಳಗಾದರೂ ಹೇಳುವುದಿಲ್ಲ.

ದೀಪ. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡರು, ಮೈಕು ಕೈಯಿಂದ ಕೈಗೆ ಬಂತು, ಬೆವರಿದೆ, ನನ್ನದೋ ಹಿಂದಿನವರದೋ, ಎದ್ದು ನಿಂತೆ. ಈ ಸಿನಿಮಾ ಆ ಕೈ ಗಾಳಿಯಲ್ಲಿ ನಿಂತಾಗಲೇ ಮುಗೀತು, ಆ ಕೈ ತಪ್ಪು ಮಾಡಿಲ್ಲ, ಅದರ ನಂತರ ಬರೋದೆಲ್ಲಾ ತೆಗೀಬೇಕು, ನಗೋದನ್ನೂ ತೆಗೀಬೇಕು. ನನ್ನ ದನಿ ನಡುಗಲಿಲ್ಲ, ಪುಣ್ಯ. ಮೇಷ್ಟ್ರು ಮೊದಲ ಸಾಲಿನಿಂದ ತಿರುಗಿದರು, ಕಾರಣ ಹೇಳಿಬಿಡಿ ಕತ್ತರಿ ಮೇಡಂ, ಅಯ್ಯೋ, ಬಾಯಿತಪ್ಪಿ ಹೆಸರು ಎದುರಿಗೇ ಬಂದುಬಿಟ್ಟಿತು, ಹಾಲೆಲ್ಲ ನಗು, ನಗಲಿ. ಕಾರಣ ಇದೆ ಮೇಷ್ಟ್ರೇ, ಹೇಳಲ್ಲ. ಹೇಳದಿದ್ರೆ ಹೇಗಮ್ಮ, ನೀವು ತಾನೇ ಪ್ರತಿ ವಾರ ನಮ್ಮ ಜೀವ ತಿನ್ನೋದು, ಯಾಕೆ ಯಾಕೆ ಅಂತ. ತಿಂತೀನಿ, ಮುಂದಿನ ವಾರವೂ ತಿಂತೀನಿ, ಇದಕ್ಕೆ ಮಾತ್ರ ಹೇಳಲ್ಲ. ಕೂತುಬಿಟ್ಟೆ, ಅಮ್ಮನ ಮುಖ ನೋಡುವ ಧೈರ್ಯವಿಲ್ಲ, ಕೇಳಿದ್ದು ಒಂದೇ ಒಂದು, ಅದನ್ನೂ ಕಿತ್ತುಕೊಂಡೆ, ಮನೆಗೆ ಹೋದ ಮೇಲೆ ಮಾತು ಬಿಡುತ್ತಾಳೆ, ಬಿಡಲಿ. ಅಮ್ಮ ಆ ಕಡೆ ತಿರುಗಿ ತಂಗಿಯ ಬಾಯಿಂದ ಉಗುರು ಬಿಡಿಸಿದಳು, ಚಿಕ್ಕೋಳೇ, ಅಕ್ಕ ಹೇಳಿದ ಹಾಗೇ ಮಾಡೇ, ಆ ನಗೋದು ತೆಗೆದುಬಿಡು, ಬಿಸಿಲಲ್ಲಿ ಹಲ್ಲು ಬೇರೆ ಎದ್ದು ಕಾಣಿಸ್ತವೆ. ಆಮೇಲೆ ಈ ಕಡೆ ತಿರುಗಿದಳು, ನನ್ನ ಮುಖ ನೋಡಲಿಲ್ಲ, ಖಾಲಿ ಪರದೆಯನ್ನು ನೋಡುತ್ತಾ, ನನಗೊಬ್ಬಳಿಗೇ ಕೇಳಿಸುವಷ್ಟು ಮೆಲ್ಲಗೆ, ನೀನು ಹಿಂದಿನಿಂದ ನೋಡ್ತಾ ಬರ್ತಿದ್ದೆಯೇನೇ. ಹೂಂ ಅನ್ನಬೇಕು, ಹೂಂ ಅಮ್ಮ, ತಂಗಿ ಜಾರುತ್ತಿದ್ದಳು, ಚಳಿ ಇತ್ತು, ಅಪ್ಪ ಬೈಯುತ್ತಿದ್ದ, ಅನ್ನಬೇಕು — ಪರದೆಯ ಮೇಲೆ ಈಗ ಏನೂ ಇಲ್ಲ, ಆದರೂ ಅಲ್ಲೇ ಇದೆ, ಬಲಕ್ಕೆ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಬೆರಳು ಕೂಡಿಸಿಕೊಂಡು, ಒಳಗಿರುವ ಕೈ ಒಂದಿಷ್ಟು ಸರಿದು ಜಾಗ ಕೊಡಲಿ ಅಂತ ಕಾಯುತ್ತಾ ನಿಂತ ಆ ಕೈ