ಮುಂಗಡ ತಪ್ಪುಕಾಣಿಕೆ

ಭಿವಂಡಿಯ ಮಾಪಣ್ಣನ ವರ್ಕ್‌ಶಾಪಿನಲ್ಲಿ ಕುಶಲನಿಗೆ ಮೊದಲು ಸ್ಟೂಲು ಸಿಕ್ಕಿತು, ಆಮೇಲೆ ಕಟಿಂಗ್ ಚಾ, ಆಮೇಲೆ ಸುದ್ದಿ.

“ಯಾವ ಕೊಕ್ಕಿ ಕೇಳಾಕತ್ತೀರಿ ಕುಶಲಣ್ಣಾರ? ಆರ್ಡರ್ ಕ್ಯಾನ್ಸಲ್ ಆಗಿ ಹತ್ತ ದಿನಾ ಆತಲ್ರೀ,” ಎಂದ ಮಾಪಣ್ಣ. “ನಿಮ್ಮ ಮನಿಯವರ ತಮ್ಮ, ಮುರಾರಿಯವ್ರು, ಫೋನ್ ಮಾಡಿ ಬ್ಯಾಡ ಅಂದ್ರು. ನಿಮಗ ಹೇಳಿಲ್ಲೇನು?”

ಕುಶಲನ ಕೆಲಸದ ಹುಡುಗರನ್ನು ನೋಡಿಕೊಳ್ಳುತ್ತಿದ್ದ ಮುರಾರಿ ಹೇಳಿರಲಿಲ್ಲ. ಬದಲಿಗೆ ಅಂದು ಬೆಳಿಗ್ಗೆ ಹೆಂಡತಿ ಜಲಜಾಕ್ಷಿ, “ಇಗರ್ಜಿ ಮಾಡಿನ ಕೊಕ್ಕೆ ರೆಡಿ ಆಗಿದೆಯಂತೆ, ನೀವೇ ಹೋಗಿ ನೋಡಿಕೊಂಡು ಬನ್ನಿ,” ಎಂದು ಡಬ್ಬಿಯಲ್ಲಿ ಉಪ್ಪಿಟ್ಟು ಕಟ್ಟಿ ಕಳಿಸಿದ್ದಳು. ಅದಕ್ಕೆ ಗೋಡಂಬಿ ಬೇರೆ ಹಾಕಿದ್ದಳು. ಅದಕ್ಕೂ ಮೊದಲಿನ ಎರಡು ದಿನ ಡೊಂಬಿವಲಿಯಲ್ಲಿ ಅವಳ ಅಣ್ಣನ ಮಗಳ ನಿಶ್ಚಿತಾರ್ಥ. ಅಲ್ಲಿಂದ ಕದಲಲು ಬಿಟ್ಟಿರಲಿಲ್ಲ. ಮೂರು ದಿನದಿಂದ ತನ್ನನ್ನು ಠಾಣೆ ಪಟ್ಟಣದ ಕೆಲಸದಿಂದ ದೂರ ಇಟ್ಟಿದ್ದಾರೆ ಎಂಬುದು ಹೊಳೆಯುತ್ತಲೇ ಕುಶಲ ಚಾ ಅರ್ಧಕ್ಕೇ ಬಿಟ್ಟು ಎದ್ದ.

ಉಡುಪಿಯಿಂದ ಬಂದು ಹೋಟೆಲಿನಲ್ಲಿ ಕಪ್ಪು ಬಸಿ ಎತ್ತಿದವನು, ಆಮೇಲೆ ಠಾಣೆಯ ಬಿಲ್ಡಿಂಗುಗಳ ಟೆರೇಸಿನಲ್ಲಿ ಬಿಸಿನೀರಿನ ಸೋಲಾರ್ ಕೂರಿಸಿ, ಈಗ ಕರೆಂಟಿನ ಪ್ಯಾನೆಲ್‌ವರೆಗೆ ಬಂದಿದ್ದ. ಆ ವರ್ಷ, ಎರಡು ಸಾವಿರದ ಹದಿನೈದರಲ್ಲಿ, ಕೆರೆಯ ಪಕ್ಕದ ಹಳೆಯ ಇಗರ್ಜಿಯ ಕೆಲಸ ಸಿಕ್ಕಿತು. ಫಾದರ್‌ಗೆ ಪ್ಯಾನೆಲ್ ಬೇಕು, ಆದರೆ ಊರವರಿಗೆ ಭಯ. ಇನ್ನೂರು ವರ್ಷದ ಸಾಗುವಾನಿ ಸೂರಿಗೆ, ಹಂಚಿನ ಮಾಡಿಗೆ, ಯಾರೋ ಬಂದು ತೂತು ಕೊರೆದರೆ? ಎಲ್ಲರಿಗಿಂತ ಜೋರಾಗಿ ಬೇಡವೆಂದವನು ನಲವತ್ತು ವರ್ಷದಿಂದ ಅಲ್ಲಿ ಗಂಟೆ ಬಾರಿಸುತ್ತಿದ್ದ ಪಾಸ್ಕು.

ಮಾಡು ಹತ್ತಿ ನೋಡಿದ ಕುಶಲ ಒಂದು ಹಂಚನ್ನು ಎತ್ತಿ ತಿರುಗಿಸಿದ್ದ. ಬೆನ್ನ ಮೇಲೆ ಮಂಗಳೂರಿನ ಅಚ್ಚು! ಅವನ ಅಜ್ಜ ನೇತ್ರಾವತಿ ದಡದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವನು. ಅಜ್ಜ ತುಳಿದ ಮಣ್ಣೇ ಇರಬಹುದೆಂದು ಕುಶಲನ ಕಣ್ಣು ತುಂಬಿತು. ಕೆಳಗಿಳಿದವನೇ ಪಾಸ್ಕುವಿನ ಎದುರು ನಿಂತು, ತನ್ನ ಹೋಟೆಲ್ ಹಿಂದಿಯಲ್ಲಿ ಮನೆ ದೈವದ ಆಣೆ ಹಾಕಿಬಿಟ್ಟ: ಒಂದು ಹಂಚು ತೂತಾಗುವುದಿಲ್ಲ, ಹಂಚು ಹೊತ್ತ ಮರದ ಒಂದು ಪಕ್ಕಾಸಿಗೆ ಮೊಳೆ ಬೀಳುವುದಿಲ್ಲ. ಹಂಚು ಸರಿಸಿ, ಪಕ್ಕಾಸನ್ನು ಬರೀ ಅಪ್ಪಿ ಹಿಡಿಯುವ ಕೊಕ್ಕೆ ಹಾಕಿ, ಹಂಚು ಮತ್ತೆ ಹೊದಿಸುವುದು. ಹಂಚಿನ ಮೇಲೆ ನಡೆಯುವುದು ಟೆರೇಸಿನ ಹುಡುಗರಿಗೆ ತಿಳಿಯದ್ದರಿಂದ ತಾನೇ ಹತ್ತುವುದು. ಪಾಸ್ಕು ಆ ಆಣೆಯನ್ನು ನಂಬಿ ಮನೆಮನೆಗೆ ಹೋಗಿ ಎಲ್ಲರನ್ನೂ ಒಪ್ಪಿಸಿದ್ದ.

ಹಿಂದಿನ ವರ್ಷವಷ್ಟೇ ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಗಂಡಸು ಇಗರ್ಜಿಯ ನೆತ್ತಿಗೆ ಹತ್ತಿದ್ದು ಕೇಳಿ ಜಲಜಾಕ್ಷಿ ಎರಡು ದಿನ ಮಾತಾಡಿರಲಿಲ್ಲ. ಆಮೇಲೆ ಒಮ್ಮೆಲೇ ಮೆತ್ತಗಾದಳು. ಹೆಂಡತಿ ಹಾಗೆ ಮೆತ್ತಗಾದರೆ ಸಂಶಯಪಡಬೇಕೆಂದು ಈ ಪುಣ್ಯಾತ್ಮನಿಗೆ ತೋಚಲಿಲ್ಲ.

ಇಗರ್ಜಿಯ ಎದುರು ರಿಕ್ಷಾ ಇಳಿದಾಗ ತೆಂಕಣ ಮಾಡಿನ ತುಂಬ ಪ್ಯಾನೆಲ್‌ಗಳು ಥಳಥಳಿಸುತ್ತಿದ್ದವು. ಡ್ರಿಲ್ ಇನ್ನೂ ಕೊರೆಯುತ್ತಿತ್ತು. ಒಳಗೆ ಹೋಗಿ ತಲೆಯೆತ್ತಿ ನೋಡಿದರೆ ಪ್ರತಿ ಪಕ್ಕಾಸಿನಲ್ಲೂ ಬೋಲ್ಟಿನ ಮೂತಿ, ಹಂಚಿನ ತೂತುಗಳ ಸುತ್ತ ಕಪ್ಪು ಅಂಟು. ಮೆಟ್ಟಿಲ ಮೇಲೆ ಪಾಸ್ಕು ಒಡೆದ ಹಂಚಿನ ಚೂರುಗಳನ್ನು ಮಡಿಲಲ್ಲಿಟ್ಟು ಕೂತಿದ್ದ.

“ನೀವೇ ಹೇಳಿದ್ದಂತೆ, ನಿಮ್ಮ ಮನುಷ್ಯ ಹೇಳಿದ,” ಎಂದ ಅವನು ಮರಾಠಿಯಲ್ಲಿ. “ನಿಮ್ಮ ಪರವಾಗಿ ಮನೆಮನೆಗೆ ಹೋದವನು ನಾನು, ಕುಶಲ್ ಶೇಟ್.”

ನಾನಲ್ಲ ಎಂದು ಕುಶಲ ಈಗ ಹೇಳಿದರೆ ಯಾರು ನಂಬುತ್ತಾರೆ? ಏಣಿಯಿಂದ ಇಳಿದು ಬಂದ ಮುರಾರಿ ಮುಖ ಕೊಡದೆ ಕೈ ಒರೆಸಿಕೊಂಡ.

“ನನ್ನನ್ನು ಬೈಬೇಡಿ ಭಾವ. ಅಕ್ಕನೇ ಹೇಳಿದ್ದು.”

ವರ್ತಕ ನಗರದ ಮನೆಯಲ್ಲಿ ಜಲಜಾಕ್ಷಿ ಬಾಗಿಲು ತೆರೆದಳು. ಅವನು ಸೀದಾ ದೇವರ ಗೂಡಿನ ಮುಂದೆ ಹೋಗಿ ನಿಂತ. ಅಲ್ಲಿ ನಾಣ್ಯವಿಟ್ಟು ಗಂಟು ಹಾಕಿದ ಹಳದಿ ಬಟ್ಟೆಯೊಂದಿತ್ತು. ಹತ್ತು ದಿನದ ಹಿಂದೆ ಕಾಣಿಸಿಕೊಂಡದ್ದು. ತನ್ನ ಎದೆನೋವಿಗೆ ಹರಕೆ ಕಟ್ಟಿದ್ದಾಳೆ, ಪಾಪ, ಎಂದುಕೊಂಡು ಅವನು ದಿನಾ ಬೆಳಿಗ್ಗೆ ಅದಕ್ಕೆ ಕೈ ಮುಗಿಯುತ್ತಿದ್ದ.

“ಇದು ಎಂತದ್ದು?”

ಅವಳು ಸುಳ್ಳು ಹೇಳಲಿಲ್ಲ. “ತಪ್ಪುಕಾಣಿಕೆ. ಗಂಡನ ಆಣೆ ನಾನು ಮುರಿಸ್ತೇನೆ, ದೋಷ ನನಗಿರ್ಲಿ, ಅವರಿಗೆ ಬೇಡ ಅಂತ ದೈವದ ಹತ್ರ ಮೊದ್ಲೇ ಕೇಳಿಕೊಂಡದ್ದು.”

ತಪ್ಪು ಮಾಡಿದ ಮೇಲೆ ಕಾಣಿಕೆ ಕಟ್ಟುವುದನ್ನು ಅವನು ಕಂಡಿದ್ದ. ಮುಂಗಡ ಕಟ್ಟಿ ತಪ್ಪು ಮಾಡುವುದನ್ನು ಈಗಲೇ ಕಂಡದ್ದು. ಅದಕ್ಕೂ ತಾನೇ ಹತ್ತು ದಿನ ಭಕ್ತಿಯಿಂದ ಕೈ ಮುಗಿದನಲ್ಲ! ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

“ನೀವು ಬಿದ್ದು ಸತ್ರೆ ಆ ಹಂಚು ಕಟ್ಟಿಕೊಂಡು ನಾನೆಂತ ಮಾಡ್ಲಿ?” ಎಂದಳು ಅವಳು. “ಬೋಲ್ಟ್ ಆದ್ರೆ ಹುಡುಗರೇ ಹೊಡೀತಾರೆ, ಕೊಕ್ಕೆಗೆ ನೀವೇ ಹತ್ಬೇಕು. ಹತ್ತಬೇಡಿ ಅಂದ್ರೆ ಕೇಳ್ತಿದ್ರಾ ನೀವು?”

ಕೇಳುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಅದರಿಂದಲೇ ಸಿಟ್ಟು ಇನ್ನೂ ಏರಿತು.

“ಜಗಳ ಮಾಡ್ಬೇಕಿತ್ತು ಮಾರಾಯ್ತಿ. ಉಪವಾಸ ಕೂರ್ಬೇಕಿತ್ತು. ದೈವದ ಹತ್ರ ಕೇಳಿದಿ, ತಮ್ಮನ ಹತ್ರ ಹೇಳಿದಿ. ನಾನೊಬ್ಬ ಬೇರೆಯವ ಆದೆನಾ? ಆ ಮುದುಕ ಈಗ ನನ್ನನ್ನು ಕಳ್ಳ ಅಂತ ತಿಳ್ಕೊಂಡಿದ್ದಾನೆ.”

ಗಂಟನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. “ಇದನ್ನು ಪಾಸ್ಕುವಿಗೆ ಕೊಡು. ಮಾತು ಕೊಟ್ಟದ್ದು ಅವನಿಗೆ.” ಗೋಡೆಯ ಕ್ಯಾಲೆಂಡರ್ ನೋಡಿ ಹೇಳಿದ, “ಮಳೆಗೆ ಇನ್ನು ಹನ್ನೆರಡು ದಿನ ಉಂಟು. ತೂತಾದ ಹಂಚೆಲ್ಲ ಬಿಚ್ಚಿ ಬೇರೆ ಹೊದಿಸ್ಬೇಕು. ನಾಳೆಯಿಂದ ನಾನೇ ಹತ್ತುತ್ತೇನೆ.”

ಏನನ್ನು ತಪ್ಪಿಸಲು ಇಷ್ಟೆಲ್ಲ ಮಾಡಿದ್ದಳೋ ಅದೇ ಎದುರಿಗೆ ಬಂದು ನಿಂತಿತ್ತು. ಅವಳು ಗಂಟನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದವನು ಅಭ್ಯಾಸಬಲದಿಂದ ಗೂಡಿನ ಮುಂದೆ ಕೈ ಎತ್ತಿದ. ಹಳದಿ ಗಂಟಿನ ಜಾಗ ಖಾಲಿ ಇತ್ತು. ಕೈ ಇಳಿಸಿ, ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡ.

ಜಲಜಾಕ್ಷಿ ದಿನದಂತೆ ಎದೆಯ ಗುಳಿಗೆಯ ಪಟ್ಟಿ ಮತ್ತು ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೂವತ್ತೊಂದು ವರ್ಷ ಅವಳು ಕೊಟ್ಟದ್ದನ್ನು ಅವನು ನೋಡದೆ ಬಾಯಿಗೆ ಹಾಕಿಕೊಂಡಿದ್ದ. ಅಂದು ಪಟ್ಟಿಯನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಹೆಸರನ್ನು ನಿಧಾನವಾಗಿ ಓದಿದ. ಓದಿದ ಮೇಲೆ ನುಂಗಿದ.