ಎಡಗಡೆಯ ಬ್ರೇಕು

ಹಳೆಯ ಕಾರುಗಳ ದಲ್ಲಾಳಿಗೆ ಪೇಟೆಯಲ್ಲಿ ಎಲ್ಲರೂ ಇಟ್ಟಿದ್ದ ಹೆಸರು ಮುಕ್ಕಾಲು. ಯಾರು ಯಾವ ಕಾರಿಗೆ ಎಷ್ಟು ಬೆಲೆ ಹೇಳಲಿ, ಅವನ ಬಾಯಿಂದ ಮೊದಲು ಬರುತ್ತಿದ್ದುದು ಒಂದೇ ಮಾತು: "ಮುಕ್ಕಾಲಿಗೆ ಮಾತಾಡೋಣ." ಆ ಬೆಳಿಗ್ಗೆ ಅವನು ಮೇಷ್ಟ್ರ ಮನೆಯ ಮುಂದೆ ನಿಂತಿದ್ದ ಕಾರನ್ನು ಒಂದು ಸುತ್ತು ಹಾಕಿದ. ಟೈರನ್ನು ಕಾಲಿನಿಂದ ಒದ್ದ. ಬಾಗಿಲು ತೆಗೆದು ಒಳಗಿನ ವಾಸನೆ ಹಿಡಿದು ನೋಡಿದ. ಎಲ್ಲ ಮಾಡಿಯೂ ಮುಕ್ಕಾಲಿನ ಮಾತು ಆಡಲಿಲ್ಲ. ಆಡದಿದ್ದುದೇ ಮೇಷ್ಟ್ರಿಗೆ ಚುಚ್ಚಿತು. ದಲ್ಲಾಳಿಗೂ ಕರುಣೆ ಬರುವಷ್ಟು ನಾವು ಕೆಟ್ಟೆವಲ್ಲ ಎಂದುಕೊಂಡರು.

ಅವರು ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಊರಿನ ಅರ್ಧ ಜನ ಅವರ ಪಕ್ಕದಲ್ಲಿ ಕುಳಿತು, ಇದೇ ಕಾರಿನ ಗೇರು ಕರಕರ ಎನ್ನಿಸಿ ಕಲಿತವರು. ಈಗ ಒಂದು ವರ್ಷದಿಂದ ಕಾರು ನಿಂತಲ್ಲೇ ನಿಂತಿತ್ತು. ತಲೆಯ ಮೇಲಿನ ಸ್ಕೂಲಿನ ಬೋರ್ಡಿಗೆ ಧೂಳು ಹಿಡಿದು ಅಕ್ಷರಗಳೇ ಮುಚ್ಚಿಹೋಗಿದ್ದವು.

"ಈಗ ಕೊಟ್ಬಿಡಿ ಮೇಷ್ಟ್ರೇ," ಎಂದ ಮುಕ್ಕಾಲು. "ಹೊಸ ಕಾರಿಗೆ ಹೆಸರು ಬರೆಸಿ ಜನ ತಿಂಗಳುಗಟ್ಟಲೆ ಕಾಯ್ತಿದ್ದಾರೆ. ಅದಕ್ಕೇ ಹಳೇದಕ್ಕೆ ಹೊಸ ಅಳಿಯನ ಮರ್ಯಾದೆ ಬಂದಿದೆ. ನಾಳೆ ಹೊಸ ಗಾಡಿಗಳು ಬಂದು ಇಳಿದ್ರೆ ಇದನ್ನ ಗುಜರಿಯವನೂ ತಿರುಗಿ ನೋಡಲ್ಲ."

"ಎಂಜಿನ್ ಗಟ್ಟಿ ಇದೆಯಪ್ಪಾ."

"ಇರಬಹುದು. ಆನೆಯಾದ್ರೆ ಇದ್ರೂ ಸಾವಿರ, ಹೋದ್ರೂ ಸಾವಿರ. ಇದು ಕಾರು. ನಿಂತಷ್ಟು ದಿನವೂ ಇಳೀತಾನೇ ಇರುತ್ತೆ. ಅದರ ಮೇಲೆ ಸ್ಕೂಲ್ ಕಾರು. ಊರವರೆಲ್ಲ ತುಳಿದ ಕ್ಲಚ್ಚು. ನಿಮಗೇನೋ ಚಿನ್ನ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ..."

ಅಷ್ಟು ಹೇಳಿ ಅವನು ನಾಲಿಗೆ ಕಚ್ಚಿಕೊಂಡ. ಬಗ್ಗಿ, ನೋಡಿದ್ದ ಟೈರನ್ನೇ ಇನ್ನೊಮ್ಮೆ ನೋಡತೊಡಗಿದ.

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಹೆಂಡತಿ ಆ ಮಾತನ್ನು ಕೇಳಿಸಿಕೊಂಡೂ ಕೇಳದವರಂತೆ, "ಗಿರಾಕಿ ಯಾರು ಅಂತ ಹೇಳು," ಎಂದರು. ದಲ್ಲಾಳಿಯನ್ನು ಕರೆಸಿದ್ದವರು ಅವರೇ.

"ಒಬ್ಬಳು ನರ್ಸು, ಅಕ್ಕಾ. ತಾಯಿ ಮಗಳು ಇಬ್ಬರೇ. ತಾಯಿಯ ಕಾಲು ಬಾತುಕೊಂಡಿದೆ, ಮುಂದಿನ ಸೀಟಲ್ಲಿ ಕೂರಿಸಿ ಕಾಲು ಚಾಚಿಸ್ಬೇಕು. ಎಡಗಡೆಯ ಪೆಡಲ್ ಎರಡೂ ತೆಗೆಸಿಕೊಟ್ರೆ ಹೇಳಿದ ಬೆಲೆ ಕೊಡ್ತಾಳಂತೆ. ಪೂರ್ತಿ. ನಾನು ಮುಕ್ಕಾಲು ಅನ್ನೋದಿಲ್ಲ."

"ಪೆಡಲ್ ತೆಗೆಯೋದಿಲ್ಲ," ಎಂದರು ಮೇಷ್ಟ್ರು.

ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಕಡೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಕಲಿಯುವವರು ಎಡವಿದರೆ ಪಕ್ಕದವರ ಕಾಲು ಕಾಪಾಡಬೇಕು. ಮೇಷ್ಟ್ರು ಈ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಅವರ ಕಾರಿನಲ್ಲಿ ಯಾರಿಗೂ ಒಂದು ಗೀರು ಬಿದ್ದಿರಲಿಲ್ಲ. ಅವರು ಎಂದೂ ಕೂಗುತ್ತಿರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ಹೆಸರು. ಬೇರೆ ಸ್ಕೂಲಿನ ಮೇಷ್ಟ್ರುಗಳು ಬೈಗುಳದಲ್ಲೇ ಪಾಠ ಮಾಡುತ್ತಿದ್ದರೆ ಇವರು, "ಕೂಗಿದರೆ ಕಲಿಯುವವರ ಕೈಕಾಲು ಸೆಟೆದುಹೋಗುತ್ತೆ. ಮಾತು ಬೆಳ್ಳಿ, ಮೌನ ಬಂಗಾರ," ಎನ್ನುತ್ತಿದ್ದರು. ಎದುರಿಗೆ ಅಪಾಯ ಬಂದರೆ ಬಾಯಿ ಮುಚ್ಚಿಯೇ ಇರುತ್ತಿತ್ತು, ಕಾಲು ತುಳಿಯುತ್ತಿತ್ತು, ಕಾರು ನಿಲ್ಲುತ್ತಿತ್ತು. ಎಷ್ಟೋ ಜನಕ್ಕೆ ತಾವು ಸಾವಿನ ಬಾಯಿಂದ ಪಾರಾದದ್ದೂ ಗೊತ್ತಾಗುತ್ತಿರಲಿಲ್ಲ. ಕಾರು ತಾನಾಗಿಯೇ ನಿಂತಿತು ಎಂದುಕೊಂಡು ಮನೆಗೆ ಹೋಗುತ್ತಿದ್ದರು.

ಒಬ್ಬಳೇ ಮಗಳೂ ಹಾಗೆಯೇ ಕಲಿತವಳು. ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದ ಮೇಲೆ ಅವಳು ಕೇಳಿದ್ದುದು ಈ ಕಾರನ್ನೇ. "ಇದನ್ನ ನನಗೆ ಕೊಡಿ ಅಪ್ಪಾ, ನೀವು ಬೇರೆ ತಗೊಳ್ಳಿ. ಇದು ನನ್ನ ಮಾತು ಕೇಳುತ್ತೆ," ಎಂದಿದ್ದಳು. ಮೇಷ್ಟ್ರು ಒಪ್ಪಲಿಲ್ಲ. ಊರೆಲ್ಲ ತುಳಿದ ಕಾರು ಮಗಳಿಗೇಕೆ ಎಂದು ಇದೇ ಮುಕ್ಕಾಲಿನ ಕೈಯಿಂದ, ಒಬ್ಬರೇ ಓಡಿಸಿದ್ದ ಒಳ್ಳೆಯ ಕಾರನ್ನು ಆರಿಸಿ ಕೊಡಿಸಿದರು. ಬೆಲೆ ಇಳಿಸುವಾಗ ಮಗಳು ಪಕ್ಕದಲ್ಲಿ ನಿಂತು ನಗುತ್ತಿದ್ದಳು. ಕಾರಿನಲ್ಲಿ ಒಂದು ದೋಷವೂ ಇರಲಿಲ್ಲ. ಆ ಮಾತನ್ನು ಆಮೇಲೆ ಎಲ್ಲರೂ ಹೇಳಿದರು, ಮೇಷ್ಟ್ರೂ ಒಪ್ಪಿದರು.

ಆ ದಿನ ಅವರು ಮಗಳ ಪಕ್ಕದಲ್ಲಿ ಎಡಗಡೆ ಕುಳಿತಿದ್ದರು. ಉಗ್ರಾಣವೊಂದರ ಗೇಟಿನಿಂದ ಲಾರಿಯೊಂದು ಹಿಮ್ಮುಖವಾಗಿ ರಸ್ತೆಗೆ ಬರುತ್ತಿತ್ತು. ಅದನ್ನು ಮೊದಲು ಕಂಡವರು ಮೇಷ್ಟ್ರು. ಮಗಳು ಬಲಗಡೆಯ ಕನ್ನಡಿ ನೋಡುತ್ತಿದ್ದಳು. ಮೇಷ್ಟ್ರ ಬಾಯಿ ಎಂದಿನಂತೆ ಮುಚ್ಚಿತ್ತು. ಕಾಲು ಎಂದಿನಂತೆ ತುಳಿಯಿತು. ಆದರೆ ಆ ಕಾರಿನಲ್ಲಿ ಅವರ ಕಾಲಡಿ ಪೆಡಲ್ ಇರಲಿಲ್ಲ. ಬರಿಯ ನೆಲ, ಅದರ ಮೇಲೊಂದು ಹೊಸ ಮ್ಯಾಟು.

ಅವರ ಬಲಪಾದದ ಮೂಳೆ ಮುರಿಯಿತು. ಡಿಕ್ಕಿಯ ಹೊಡೆತ ಎಂದರು ವೈದ್ಯರು. ನೆಲವನ್ನು ತುಳಿದು ಮುರಿದದ್ದು ಎಂದು ಮೇಷ್ಟ್ರಿಗೆ ಮಾತ್ರ ಗೊತ್ತು. ಅವರು ಒಂದು ವಾರ್ಡಿನಲ್ಲಿ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಬಿದ್ದಿದ್ದಾಗ ಮಗಳು ಇನ್ನೊಂದು ವಾರ್ಡಿನಲ್ಲಿ ಎರಡು ದಿನ ಉಸಿರು ಹಿಡಿದಿದ್ದು ತೀರಿಕೊಂಡಳು. ಹತ್ತಿರ ಇದ್ದವರು ತಾಯಿ ಒಬ್ಬರೇ. ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸಿನವನು, "ಆ ಅಂತರದಲ್ಲಿ ಯಾರಿಂದಲೂ ನಿಲ್ಲಿಸೋಕೆ ಆಗ್ತಿರಲಿಲ್ಲ ಬಿಡಿ," ಎಂದಿದ್ದ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಮೇಷ್ಟ್ರು ಆ ಒಂದು ಮಾತನ್ನು ವರ್ಷವಿಡೀ ಹಿಡಿದುಕೊಂಡಿದ್ದರು.

ಅಂದಿನಿಂದ ಬೆಳಗಾಗುತ್ತಲೇ ಅವರು ಹೋಗಿ ನಿಂತ ಕಾರಿನ ಎಡಸೀಟಿನಲ್ಲಿ ಕೂರುವರು. ಬ್ರೇಕಿನ ಮೇಲೆ ಕಾಲಿಟ್ಟು ತುಳಿಯುವರು, ಬಿಡುವರು. ಇಲ್ಲಿ ಪೆಡಲ್ ಇದೆ, ಅಲ್ಲಿಯೂ ಇದ್ದಿದ್ದರೆ ಆಗುತ್ತಿತ್ತು, ಇರಲಿಲ್ಲ, ಆದ್ದರಿಂದ ಆಗಲಿಲ್ಲ. ತಪ್ಪು ಪೆಡಲಿನದು. ಅಡುಗೆಮನೆಯ ಕಿಟಕಿಯಿಂದ ಹೆಂಡತಿ ನೋಡುವರು. ಸಂಜೆಯ ಪ್ರಾರ್ಥನೆಗೆ ಇಬ್ಬರೂ ಕೂರುವರು, ಹೆಂಡತಿ ಮಾತ್ರ ಬಾಯಿಬಿಟ್ಟು ಹೇಳುವರು. ಮೇಷ್ಟ್ರ ತುಟಿ ಅಲುಗದು, ಬಲಗಾಲು ಮಾತ್ರ ನೆಲವನ್ನು ಒತ್ತುತ್ತಿರುವುದು. "ದೇವರ ಮುಂದೂ ಬ್ರೇಕ್ ತುಳೀತಾ ಕೂತಿದ್ದೀರಲ್ಲ," ಎಂದು ಆಕೆ ಒಮ್ಮೆ ಹೇಳಿದ್ದುಂಟು.

ಈಗ ಆಕೆ ಮೆಟ್ಟಿಲಿಳಿದು ಬಂದರು. "ತೆಗೆಸಿ," ಎಂದರು. "ಒಂದೋ ಈ ಕಾರು ಇರಲಿ, ಇಲ್ಲ ನಾನಿರ್ತೀನಿ. ದಿನಾ ಬೆಳಿಗ್ಗೆ ಎದ್ದು ನಿಮ್ಮನ್ನ ಅದರೊಳಗೆ ನೋಡೋದು ನನ್ನಿಂದ ಆಗಲ್ಲ. ತಮ್ಮನಿಗೆ ಹೇಳಿದ್ದೀನಿ. ಬಾ ಅಕ್ಕಾ, ಒಂದು ಕೋಣೆ ಖಾಲಿ ಇದೆ ಅಂದಿದ್ದಾನೆ."

ಆಕೆ ದನಿ ಏರಿಸಲಿಲ್ಲ. ಕೂಗಾಡಿದ್ದರೆ ಮೇಷ್ಟ್ರು ತಾಳುತ್ತಿದ್ದರು. ಸುಮ್ಮನೆ ಬೀಗದ ಕೈಯನ್ನು ಮುಕ್ಕಾಲಿನ ಕೈಗೆ ಕೊಟ್ಟರು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು ಹುಳಿ ಹಣ್ಣು ತಿನ್ನುವವನಂತೆ ಮುಖ ಕಿವಿಚಿಕೊಂಡು ಡ್ಯಾಶಿನ ಕೆಳಗೆ ತೂರಿದ. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಬೈದು, ತಟ್ಟಿ, ಕೊನೆಗೆ ಎರಡು ಪೆಡಲನ್ನೂ ಅವುಗಳನ್ನು ಜೋಡಿಸಿದ್ದ ಕಂಬಿಯನ್ನೂ ಹೊರಗೆಳೆದ. ಬ್ರೇಕಿನ ರಬ್ಬರು ಮೇಷ್ಟ್ರ ಕಾಲಿನ ಗುರುತಿಗೆ ಸವೆದು ನುಣುಪಾಗಿತ್ತು. ಅವನು ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, "ಇಟ್ಕೊಳ್ಳಿ ಮೇಷ್ಟ್ರೇ, ನಿಮ್ಮದೇ ಪಾದ ಇದು," ಎಂದು ಕೊಟ್ಟ.

ನರ್ಸು ಬಂದಳು. ಪಾಳಿ ಮುಗಿಸಿ ನೇರವಾಗಿ ಬಂದಿದ್ದರಿಂದ ಕಣ್ಣು ಕೆಂಪಗಿದ್ದವು. ಆದರೂ ಬಾಯಿ ಚುರುಕು. "ಮುಕ್ಕಾಲಣ್ಣಾ, ಪೂರ್ತಿ ಬೆಲೆ ಕೊಟ್ರೆ ಪೂರ್ತಿ ಕಾರು ತಾನೇ? ಆಮೇಲೆ ಬೀದಿಯಲ್ಲಿ ಚಕ್ರ ಹುಡುಕೋ ಹಾಗೆ ಮಾಡಬೇಡ," ಎಂದಳು. ಮತ್ತೆ ಮೇಷ್ಟ್ರ ಕಡೆ ತಿರುಗಿ, "ನನಗೆ ಲೈಸೆನ್ಸ್ ಬಂದು ತುಂಬ ದಿನ ಆಗಿಲ್ಲ. ಓಡಿಸಿ ನೋಡಬೇಕು. ನೀವು ಪಕ್ಕದಲ್ಲಿ ಕೂತರೆ ಧೈರ್ಯ," ಎಂದಳು.

"ಅವನು ಕೂರಲಿ," ಎಂದರು ಮೇಷ್ಟ್ರು, ಮುಕ್ಕಾಲನ್ನು ತೋರಿಸಿ.

"ನನಗೆ ಬೆಲೆ ಹೇಳೋಕೆ ಬರುತ್ತೆ, ದಾರಿ ಹೇಳೋಕೆ ಬರಲ್ಲ," ಎಂದು ಅವನು ಹಿಂದಿನ ಸೀಟಿಗೆ ಹತ್ತಿಬಿಟ್ಟ.

ಮೇಷ್ಟ್ರು ಎಡಗಡೆ ಕುಳಿತರು. ಕಾಲಡಿ ಬರಿಯ ನೆಲ. ಪತ್ರಿಕೆಯ ಪೊಟ್ಟಣ ತೊಡೆಯ ಮೇಲೆ. ನರ್ಸು ನಿಧಾನವಾಗಿ ಗೇರು ಬದಲಿಸಿದಳು. ಕೈ ಕೆಟ್ಟದ್ದೇನಲ್ಲ. ತಿರುವು ಕಳೆದು ನೇರ ರಸ್ತೆಗೆ ಬಂದ ಮೇಲೆ ಧೈರ್ಯ ಬಂದು ಬಿರುಸಾಗಿಯೇ ಓಡಿಸಿದಳು. "ಚೆನ್ನಾಗಿದೆಯಲ್ಲ, ಅಮ್ಮನಿಗೆ ಹಿಡಿಸುತ್ತೆ," ಎಂದು ಕನ್ನಡಿಯಲ್ಲಿ ಮುಕ್ಕಾಲಿನ ಮುಖ ನೋಡಿ ನಕ್ಕಳು.

ಅವಳು ಕನ್ನಡಿ ನೋಡುತ್ತಿದ್ದಾಗಲೇ ಮುಂದಿನ ಕಟ್ಟಡದ ಗೇಟಿನಿಂದ ನೀರಿನ ಕ್ಯಾನುಗಳನ್ನು ತುಂಬಿದ ಗಾಡಿಯೊಂದು ಹಿಮ್ಮುಖವಾಗಿ ರಸ್ತೆಗೆ ಬಂತು.

ಮೇಷ್ಟ್ರ ಕಾಲು ನೆಲವನ್ನು ತುಳಿಯಿತು. ಮುರಿದು ಕೂಡಿದ ಮೂಳೆ ಚುರುಕ್ಕೆಂದಿತು. ಆ ನೋವಿಗೋ ಏನೋ, ಅವರ ಬಾಯಿ ತೆರೆಯಿತು.

"ನಿಲ್ಲಿಸೇ!"

ಅಂಥ ದನಿ ತಮ್ಮೊಳಗೆ ಇದೆ ಎಂದು ಅವರಿಗೇ ಗೊತ್ತಿರಲಿಲ್ಲ. ನರ್ಸಿನ ಕೈಕಾಲು ಸೆಟೆಯಲಿಲ್ಲ. ಅವಳು ತಿರುಗಿಯೂ ನೋಡದೆ ಎರಡು ಕಾಲಿನಿಂದಲೂ ತುಳಿದಳು. ಕಾರು ಕಿರುಚಿ, ಮುಗ್ಗರಿಸಿ, ನಿಂತಿತು. ನೀರಿನ ಗಾಡಿಗೂ ಕಾರಿಗೂ ನಡುವೆ ಒಬ್ಬ ಮನುಷ್ಯ ಅಡ್ಡವಾಗಿ ಹಾದುಹೋಗುವಷ್ಟು ಜಾಗ ಉಳಿದಿತ್ತು.

ನರ್ಸು ಎದೆ ಹಿಡಿದುಕೊಂಡು ನಕ್ಕಳು. "ನಮ್ಮಮ್ಮನ ಬಿಟ್ಟರೆ ನನ್ನ ಮೇಲೆ ಹೀಗೆ ಗದರಿದೋರು ನೀವೇ ಮೇಷ್ಟ್ರೇ. ಪುಣ್ಯ ಬರಲಿ ನಿಮಗೆ."

"ನೋಡಿದ್ರಾ ಬ್ರೇಕು?" ಎಂದ ಮುಕ್ಕಾಲು ಹಿಂದಿನಿಂದ. "ಒಂದೇ ಮಾತಿಗೆ ನಿಂತಿತು."

ಒಂದೇ ಮಾತಿಗೆ. ಮೇಷ್ಟ್ರು ಗಾಜಿನಾಚೆಗೆ ಉಳಿದಿದ್ದ ಆ ಜಾಗವನ್ನು ನೋಡುತ್ತಲೇ ಇದ್ದರು. ಆ ದಿನದ ರಸ್ತೆ ಬೇರೆ, ವೇಗ ಬೇರೆ, ಲಾರಿ ಬೇರೆ ಎಂದು ಬುದ್ಧಿ ಹೇಳಿತು. ಆದರೆ ಕಣ್ಣಿಗೆ ಅಂತರದ ಅಳತೆ ತಪ್ಪುವುದಿಲ್ಲ. ಬದುಕೆಲ್ಲ ಅದನ್ನೇ ಅಳೆದ ಕಣ್ಣು. ಅಂದು ಲಾರಿ ಕಂಡಾಗ ನಡುವೆ ಇವತ್ತಿಗಿಂತ ಹೆಚ್ಚು ಜಾಗವಿತ್ತು. ವರ್ಷವಿಡೀ ಹಿಡಿದಿದ್ದ ಹುಲ್ಲುಕಡ್ಡಿ ಕೈಯಲ್ಲೇ ಮುರಿದುಹೋಯಿತು.

"ಕಾರು ನನಗಿರಲಿ," ಎಂದಳು ನರ್ಸು. "ಬೆಲೆ ನೀವು ಹೇಳಿದ್ದೇ."

ಅವರು ಇಳಿದರು. ಕಿಟಕಿಯ ಹತ್ತಿರ ಬಗ್ಗಿ, "ಪಕ್ಕದಲ್ಲಿ ಯಾರೇ ಕೂರಲಿ, ಅವರಿಗೆ ಹೇಳಮ್ಮ," ಎಂದರು. "ಏನಾದರೂ ಕಂಡರೆ ಬಾಯಿಬಿಟ್ಟು ಕೂಗಲಿ. ನಾಚಿಕೆ ಬೇಡ."

ಮುಕ್ಕಾಲು ಮನೆಯವರೆಗೆ ಬರುತ್ತೇನೆಂದ. ಬೇಡವೆಂದು ಮೇಷ್ಟ್ರು ಕುಂಟುತ್ತ ನಡೆದೇ ಹೋದರು.

ಮನೆಯ ಮುಂದೆ ಕಾರು ನಿಂತಿದ್ದಲ್ಲಿ ಎಣ್ಣೆಯ ಕಲೆಯೊಂದು ಉಳಿದಿತ್ತು. ಹೆಂಡತಿ ಒಳಗೆ ಬಟ್ಟೆ ಮಡಿಸುತ್ತಿದ್ದರು. ಮೇಷ್ಟ್ರು ಪೊಟ್ಟಣವನ್ನು ಮೇಜಿನ ಮೇಲಿಟ್ಟರು.

"ಕೊಟ್ರಾ?"

"ಕೊಟ್ಟೆ."

"ಒಳ್ಳೇದಾಯ್ತು."

ಮೇಷ್ಟ್ರು ಕೂರಲಿಲ್ಲ. "ಅವತ್ತು ಲಾರಿ ನನಗೆ ಕಂಡಿತ್ತು ಕಣೇ," ಎಂದರು. "ಅವಳಿಗಿಂತ ಮೊದಲೇ ಕಂಡಿತ್ತು. ನಾನು ಕೂಗಲಿಲ್ಲ. ಬರೀ ನೆಲ ತುಳಿದೆ."

ಹೆಂಡತಿ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಮುಗಿಸಿದರು. ಅದರ ಅಂಚನ್ನು ಅಂಗೈಯಿಂದ ಸವರಿದರು.

"ಗೊತ್ತು," ಎಂದರು.

ಮೇಷ್ಟ್ರು ತಲೆಯೆತ್ತಿ ಆಕೆಯ ಮುಖ ನೋಡಿದರು.

"ಆಸ್ಪತ್ರೇಲಿ ಒಂದು ಸಲ ಕಣ್ಣು ಬಿಟ್ಟಿದ್ಲು. 'ಅಪ್ಪ ಸುಮ್ಮನಿದ್ದರಲ್ಲಮ್ಮ, ಅದಕ್ಕೆ ದಾರಿ ಸರಿಯಾಗಿದೆ ಅಂದ್ಕೊಂಡೆ' ಅಂದ್ಲು. ಬೈದು ಹೇಳಲಿಲ್ಲ. ಸುಮ್ಮನೆ ಹೇಳಿದ್ಲು. ಆಮೇಲೆ ಅಪ್ಪ ಹೇಗಿದ್ದಾರೆ ಅಂತ ಕೇಳಿದ್ಲು."

"ನೀನು ಹೇಳಲೇ ಇಲ್ಲ."

"ಹೇಗೆ ಹೇಳಲಿ? ನೀವಾಗಿ ಹೇಳಿದ್ರೆ ಇಬ್ಬರೂ ಹೊರಬಹುದು ಅಂತ ಕಾಯ್ತಿದ್ದೆ. ನೀವು ಹೋಗಿ ಹೋಗಿ ಆ ಕಾರಲ್ಲಿ ಕೂರ್ತಿದ್ರಿ."

ಹೊರಗೆ ಬೆಳಕು ಇಳಿಯುತ್ತಿತ್ತು. ಹೆಂಡತಿ ಮಡಿಸಿದ ಬಟ್ಟೆಗಳನ್ನು ಒಳಗಿಟ್ಟು ಬಂದು, ದಿನದಂತೆ ಚಾಪೆ ಹಾಸಿ ಪ್ರಾರ್ಥನೆಗೆ ಕುಳಿತರು. ಮೇಷ್ಟ್ರು ಪಕ್ಕದಲ್ಲಿ ಕುಳಿತರು. ಆಕೆ ಆರಂಭಿಸಲಿಲ್ಲ.

"ಇವತ್ತು ನೀವು ಹೇಳಿ," ಎಂದರು. "ಮನಸ್ಸಲ್ಲೇ ಹೇಳ್ಕೊಂಡಿದ್ದು ಸಾಕು."

ಮೇಷ್ಟ್ರು ಬಾಯಿ ತೆರೆದರು. ಮೊದಲು ಬರಿಯ ಉಸಿರು ಬಂತು. ಆಮೇಲೆ ದೇವರನ್ನು ಕರೆದದ್ದು ಮಧ್ಯಾಹ್ನ ರಸ್ತೆಯಲ್ಲಿ ಎದ್ದಿದ್ದ ಅದೇ ದನಿಯಲ್ಲಿ. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಯಾರೋ ಏನಾಯಿತು ಎಂದು ಕೇಳಿದರು. ಅವರು ಮತ್ತೆ ಕರೆದರು, ಇನ್ನೂ ಜೋರಾಗಿ. ಮೆಲ್ಲಗೆ ಎಂದು ಹೆಂಡತಿ ಹೇಳಲಿಲ್ಲ.