ನಗಾಡೋರ ಮನೆಯ ಜಗಲಿ

ನಮ್ಮ ಹೊಳೆನರಸೀಪುರದಲ್ಲಿ, ಅದರಲ್ಲೂ ದೇವಸ್ಥಾನದ ಬೀದಿಯಲ್ಲಿ, ಸುಖವಾಗಿದ್ದೇನೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ದೃಷ್ಟಿಯಾಗುತ್ತದೆ. ನನ್ನ ಅಮ್ಮ ಗೋದಮ್ಮ ತುಪ್ಪ ಸುರಿದ ಎರಡನೆಯ ಒಬ್ಬಟ್ಟು ಮುರಿಯುವಾಗಲೂ, ಹೇಗಿದ್ದೀರಿ ಎಂದವರಿಗೆ "ಏನೋ, ನಡೀತಾ ಇದೆ" ಎಂದು ನಿಟ್ಟುಸಿರು ಬಿಡುತ್ತಾಳೆ. ನಿಜವಾಗಿ ಕಷ್ಟದಲ್ಲಿದ್ದಾಗಲೂ ಅದೇ ಉತ್ತರ, ಅದೇ ನಿಟ್ಟುಸಿರು. ಯಾವುದು ಯಾವುದೆಂದು ಹೆತ್ತ ಮಗಳಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಗೆಳತಿ ಮಾನಸಾ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಂದು ಪತ್ರಿಕೆ ಹಿಡಿದುಕೊಂಡು, "ಮನುಷ್ಯನ ಸಂತೋಷದಲ್ಲಿ ಅರ್ಧ ಪಾಲು ಹುಟ್ಟಿನಿಂದಲೇ ಬರುತ್ತಂತೆ ಕಣೇ. ಅವಳಿಗಳನ್ನ ಪರೀಕ್ಷೆ ಮಾಡಿ ಹೇಳಿದಾರೆ. ಯಾವ ದೇಶದವರು ಎಷ್ಟು ಸುಖಿಗಳು ಅಂತಾನೂ ಕೇಳ್ಕೊಂಡು ಬರ್ತಾರಂತೆ" ಎಂದಾಗ ನನಗೆ ನಗು ತಡೆಯಲಾಗಲಿಲ್ಲ.

"ನಮ್ಮ ಬೀದಿಗೆ ಬಂದು ಕೇಳಿದ್ರೆ, ಪ್ರಪಂಚದಲ್ಲೇ ಇಷ್ಟು ದುಃಖದ ಜನ ಇಲ್ಲ ಅಂತ ಬರ್ಕೊಂಡು ಹೋಗ್ತಾರೆ" ಎಂದೆ. ಅವಳು ನಗಲಿಲ್ಲ.

ಅದು ತೊಂಬತ್ತೆಂಟನೆಯ ಇಸವಿ. ಹಾಸನದ ಕಾಲೇಜೊಂದರಲ್ಲಿ ನಾನು ಕನ್ನಡ, ಅವಳು ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದೆವು. ಅವಳು ಚನ್ನರಾಯಪಟ್ಟಣದ ಬಟ್ಟೆ ವ್ಯಾಪಾರಿ ಗಂಗಾಧರಯ್ಯನವರ ಒಬ್ಬಳೇ ಮಗಳು. ತಾಯಿ ದಾಕ್ಷಾಯಣಮ್ಮ ಎಷ್ಟೋ ದಿನ ಕೋಣೆಯ ಬಾಗಿಲು ಹಾಕಿಕೊಂಡು ಗೋಡೆ ನೋಡುತ್ತ ಮಲಗಿಬಿಡುತ್ತಿದ್ದರು. ತಾಯಿಯ ಕಡೆಯ ಅಜ್ಜಿಯೂ ಹಾಗೇ ಇದ್ದರಂತೆ. ಬಂದವರಿಗೆ ತಲೆನೋವು ಎಂದು ಹೇಳಿ ಕಳಿಸುವುದು ಆ ಮನೆಯ ವಾಡಿಕೆ. ಆಗೊಮ್ಮೆ ಈಗೊಮ್ಮೆ ಮಾನಸಾಗೂ ಮಂಕು ಕವಿಯುತ್ತಿತ್ತು. ಅಂಥ ದಿನ ರಜೆ ಹಾಕಿ ಅವಳೂ ತಲೆನೋವು ಎನ್ನುತ್ತಿದ್ದಳು.

ಈಗ ಅವಳಿಗೆ ಗಂಡು ಗೊತ್ತಾಗಿತ್ತು. ಅರಕಲಗೂಡಿನಲ್ಲಿ ಬಿತ್ತನೆ ಆಲೂಗಡ್ಡೆಯ ಅಂಗಡಿ ಇಟ್ಟಿದ್ದ ರಜನೀಶ್, ಮನೆ ಮಲ್ಲಿಪಟ್ಟಣದಲ್ಲಿ. ಹುಡುಗ ಅವಳಿಗೆ ಮನಸಾರೆ ಒಪ್ಪಿಗೆ. ತೊಡಕಾಗಿದ್ದು ಆ ಮನೆಗಿದ್ದ ಹೆಸರು. ಸುತ್ತಲಿನ ಊರಿನವರೆಲ್ಲ ಅದನ್ನು ನಗಾಡೋರ ಮನೆ ಎನ್ನುತ್ತಿದ್ದರು. ದಾರಿಯಲ್ಲಿ ಹೋಗುವವರಿಗೆ ಕಾಣುತ್ತಿದ್ದುದು ಜಗಲಿಯ ತುಂಬ ಜನ, ಹರಟೆ, ನಗು, ನಡುವೆ ರಜನೀಶನ ಅಜ್ಜಿ ಗಂಗಾಂಬಿಕೆ.

"ಅಂಥ ಮನೆಗೆ ನಾನು ಈ ರಕ್ತ ತಗೊಂಡು ಹೋಗ್ಲಾ ಆರತಿ? ನಾಳೆ ನನ್ನ ಮಗು ಗೋಡೆ ನೋಡ್ಕೊಂಡು ಮಲಗಿದ್ರೆ? ಅಪ್ಪ ಏನೂ ಹೇಳದೆ ಮುಚ್ಚಿಟ್ಟಿದಾರೆ. ನಾನೇ ಹೋಗಿ ಹೇಳಿ, ಈ ಸಂಬಂಧ ಬೇಡ ಅಂದು ಬರ್ತೀನಿ" ಎಂದಳು.

ನಿಶ್ಚಿತಾರ್ಥಕ್ಕೆ ಮೊದಲು ಹೆಣ್ಣು ತಾನಾಗಿ ಗಂಡಿನ ಮನೆಗೆ ಹೋದರೆ ಊರವರ ಬಾಯಿಗೆ ಬೀಳುವುದು ಖಂಡಿತ. ಬುದ್ಧಿ ಹೇಳಿದೆ, ಬೈದೆ, ಕಡೆಗೆ ಭಾನುವಾರ ನಾನೂ ಅವಳ ಜೊತೆ ಬಸ್ಸು ಹತ್ತಿದೆ.

ಅವರೆಕಾಯಿಯ ಕಾಲ. ಜಗಲಿಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೆನೆಸಿದ ಕಾಳು. ಸುತ್ತ ಕೂತವರೆಲ್ಲ ಒಂದೊಂದೇ ಕಾಳು ಹಿದುಕಿ ಬೇಳೆ ಬಿಡಿಸುತ್ತಿದ್ದರು. ಸೊಗಡು ಬೀದಿಯ ತನಕ ಬರುತ್ತಿತ್ತು. ಪುಟ್ಟರಾಜು ಎನ್ನುವವನು ತನ್ನ ಮಾವನ ಮನೆಯ ಕತೆ ಹೇಳುತ್ತಿದ್ದ, ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ನಡುವೆ ಹಣೆಯ ತುಂಬ ವಿಭೂತಿ ಇಟ್ಟ ಗಂಗಾಂಬಿಕೆ. ಅವರು ಮಾತ್ರ ನಗುತ್ತಿರಲಿಲ್ಲ. ಕೈ ಹಿದುಕುತ್ತಿತ್ತು, ಕಣ್ಣು ಎಲ್ಲೋ ಇತ್ತು. ರಜನೀಶ್ ಗಾಬರಿಯಾಗಿ ಎದ್ದು ನಿಂತ. ಅಜ್ಜಿ ಬಾ ಎನ್ನಲೂ ಇಲ್ಲ. ನಾವು ಬಂದದ್ದಕ್ಕೆ ಕೋಪ ಬಂದಿದೆ ಎಂದುಕೊಂಡೆ.

"ಅಜ್ಜಿ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು" ಎಂದಳು ಮಾನಸಾ.

"ಇಲ್ಲೇ ಏಳವ್ವ."

ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ತಾಯಿಯದು, ಅಜ್ಜಿಯದು, ಕಡೆಗೆ ತನ್ನದು. "ಇದು ರಕ್ತದಲ್ಲೇ ಬರುತ್ತೆ ಅಂತಾರೆ. ನಗೋರ ಮನೆಗೆ ನಾನು ಬೇಡ ಅಜ್ಜಿ" ಎಂದಳು. ಅಷ್ಟು ಜನರ ಮುಂದೆ ಅಷ್ಟನ್ನು ಹೇಳಿದ ಗೆಳತಿಯ ಬಗ್ಗೆ ನನಗೆ ಹೆಮ್ಮೆಯಾಯಿತು, ಭಯವೂ ಆಯಿತು.

ಗಂಗಾಂಬಿಕೆ ತಲೆ ಎತ್ತಿದರು. "ನಂಗೂ ಅದೇ ಕಣ್ ಮಗ. ಇವತ್ತು ಬಂದು ಕುಂತದೆ."

ಮಾನಸಾಗೆ ಅರ್ಥವಾಗಲಿಲ್ಲ. ಪಕ್ಕದ ಮನೆಯ ಮಾರಮ್ಮ ಬಿಡಿಸಿ ಹೇಳಿದಳು. "ಮಂಕು ಬಂದ ದಿನ ಅಜ್ಜಿ ಬೆಳಗಾಗೆದ್ದು ಜಗ್ಲೀಗ್ ಬಂದು, ಇವತ್ತು ಬಂದದೆ, ಬನ್ರವ್ವ ಅಂತ ಕೂಗ್ತದೆ. ಬಿಡುವಿದ್ದೋರು ಏನಾರ ಕೆಲ್ಸ ಇಟ್ಕಂಡು ಬಂದು ಕುಂತ್ಕತೀವಿ. ನಗು ಅಂತ ಯಾರೂ ಬಲವಂತ ಮಾಡಕಿಲ್ಲ. ನಮ್ ಪಾಡಿಗೆ ನಾವು ನಗ್ತೀವಿ, ಅಜ್ಜಿ ಪಾಡಿಗೆ ಅಜ್ಜಿ ಕುಂತಿರ್ತದೆ."

ಅಂದರೆ ಜಗಲಿ ತುಂಬಿದ ದಿನವೇ ಅಜ್ಜಿಗೆ ಕಷ್ಟದ ದಿನ. ಅದನ್ನೇ ನೋಡಿ ಜನ ಇದು ಸುಖದ ವಂಶ ಎಂದು ಹೆಸರಿಟ್ಟಿದ್ದರು. ಆ ಹೆಸರಿಗೆ ಹೆದರಿ ನನ್ನ ಗೆಳತಿ ಮದುವೆಯನ್ನೇ ಬಿಡಲು ಬಂದಿದ್ದಳು.

"ನಮ್ಮವ್ವಂಗೂ ಇತ್ತು" ಎಂದರು ಗಂಗಾಂಬಿಕೆ, ಕೈಯ ಕೆಲಸ ನಿಲ್ಲಿಸದೆ. "ಅವ್ವ ಬಾಗ್ಲಾಕ್ಕಂಡು ಕುಂತ್ಲು, ಅಂಗೇ ಓಗ್ಬುಟ್ಲು. ನಾನು ಬಾಗ್ಲು ತಗ್ದು ಈಚೆ ಬಂದು ಕುಂತೆ. ಅಷ್ಟೇಯ."

"ನಾಳೆ ಮಕ್ಕಳಿಗೆ ಬಂದ್ರೆ?"

"ಬಂದ್ರೆ ಬರ್ಲಿ. ಜಗ್ಲಿ ದೊಡ್ಡದಾಗೇ ಅದೆ. ಕುಂತ್ಕ."

ಮಾನಸಾ ಕುಳಿತಳು. ಅಳುತ್ತಲೇ ಪಾತ್ರೆಗೆ ಕೈ ಹಾಕಿದಳು. ಯಾರೂ ಅಳಬೇಡ ಎನ್ನಲಿಲ್ಲ. ಪುಟ್ಟರಾಜು ಮಾವನ ಮನೆಯ ಕತೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದ. ನಾನು ಬೇಕಾದಷ್ಟು ದೊಡ್ಡವರ ಭಾಷಣ ಕೇಳಿದ್ದೇನೆ. ಆ ಮುದುಕಿಯಷ್ಟು ದೊಡ್ಡವರನ್ನು ಕಂಡಿಲ್ಲ.

ಮದುವೆ ಆಯಿತು. ಮಗಳು ಹುಟ್ಟಿದಳು, ಅನ್ವಿತಾ. ದಾಕ್ಷಾಯಣಮ್ಮನವರೂ ಕೆಲವು ಸಲ ಮಲ್ಲಿಪಟ್ಟಣಕ್ಕೆ ಬಂದು ಜಗಲಿಯ ಒಂದು ಮೂಲೆಯಲ್ಲಿ ಕೂತು ಹೋಗತೊಡಗಿದರು. ಗಂಗಾಂಬಿಕೆ ತೀರಿಕೊಂಡರು. ಎರಡು ಸಾವಿರದ ಐದರ ಬೇಸಿಗೆ ರಜೆಯಲ್ಲಿ ನಾನು ಹೊಳೆನರಸೀಪುರದ ಅಮ್ಮನ ಮನೆಯಲ್ಲಿದ್ದಾಗ ಮಾನಸಾಳ ಫೋನು ಬಂತು.

"ಆರತಿ, ಇವತ್ತು ಬಂದಿದೆ ಕಣೇ. ಬರ್ತೀಯಾ? ಹುಣಸೆಹಣ್ಣಿನ ಬೀಜ ತೆಗೆಯೋದಿದೆ."

ತಲೆನೋವು ಎನ್ನಲಿಲ್ಲ. ದನಿಯಲ್ಲಿ ನಾಚಿಕೆಯೂ ಇರಲಿಲ್ಲ.

ನಾನು ಚೀಲ ತೆಗೆದುಕೊಂಡು ಹೊರಡುವಾಗ ಅಮ್ಮ ಎಲ್ಲಿಗೆ ಎಂದು ಕೇಳಿದಳು. ಇದ್ದದ್ದನ್ನೆಲ್ಲ ಹೇಳಿದೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, ನನ್ನ ಮುಖ ನೋಡದೆ ಹೇಳಿದಳು.

"ನಂಗೂ ಹಾಗೇ ಇದೆ ಕಣೇ, ತುಂಬಾ ವರ್ಷದಿಂದ. ನಾನೂ ಬರಲಾ?"